ಮಡಿಯ ಕೋಣೆ, ಅತಿಥಿಯ ಕೋಣೆ

ಮಡಿ ಎಂಬ ಕನ್ನಡ ಪದಕ್ಕೆ ಹುಟ್ಟಿನಲ್ಲಿ ಯಾವ ಗರ್ವವೂ ಇಲ್ಲ. ಒಗೆದು ಶುಭ್ರಗೊಳಿಸಿದ ಬಟ್ಟೆ ಎಂಬುದಷ್ಟೇ ಅದರ ಸರಳಾರ್ಥ. ಬಟ್ಟೆಯನ್ನು ಮಡಿ ಮಾಡಿಕೊಡುವವನು ಮಡಿವಾಳನೆನಿಸಿದನು. ಅದನ್ನು ಉಟ್ಟು ದೇವರ ಮುಂದೆ ಕುಳಿತವನು ಮಡಿಯಲ್ಲಿರುವವನೆನಿಸಿದನು. ಕಾಲಕ್ರಮದಲ್ಲಿ ಉಟ್ಟವನ ಮಡಿ ದೊಡ್ಡದಾಯಿತು, ಒಗೆದವನು ಹಿತ್ತಿಲ ಬಾಗಿಲಿಗೆ ಸರಿದನು. ಮದುವೆಯ ದಿಬ್ಬಣದಲ್ಲಿಯೂ ದೇವರ ಉತ್ಸವದಲ್ಲಿಯೂ ನಡೆಮಡಿ ಹಾಸುವುದಕ್ಕೆ ಮಾತ್ರ ಅವನ ಕೈ ಬೇಕಾಯಿತು. ಹಾಸಿದ ಮೇಲೆ ಅದರ ಮೇಲೆ ನಡೆಯುವವರು ಬೇರೆ. ಪುರಂದರದಾಸರು ಹೊರಗಿನ ಮಡಿಯನ್ನೇ ಮಡಿಯೆಂದು ನಂಬಿದವರನ್ನು ಹಾಸ್ಯ ಮಾಡಿದುದು ಕನ್ನಡಿಗರಿಗೆಲ್ಲ ತಿಳಿದಿದೆ. ಆದರೆ ಒಳಗಿನ ಮಡಿಯನ್ನು ಹೊಗಳುವ ಭರದಲ್ಲಿ ಹೊರಗಿನ ಮಡಿಗಾಗಿ ಸವೆದ ಕೈಗಳನ್ನು ಮರೆಯುವುದೂ ಅಷ್ಟೇ ಸುಲಭ. ಶೌಚವನ್ನು ಗೀತೆಯು ದೈವೀಸಂಪತ್ತಿನಲ್ಲಿ ಎಣಿಸಿದೆ, ಪತಂಜಲಿಯು ನಿಯಮಗಳಲ್ಲಿ ಮೊದಲನೆಯದಾಗಿ ಇರಿಸಿದ್ದಾನೆ. ಆ ಶೌಚದ ನೀರನ್ನು ಹೊತ್ತವರು ಯಾರು ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಕೇಳದೆಯೇ ಉಳಿದಿದೆ.

ಹಳೆಯ ಮನೆಗಳಲ್ಲಿ ಬಟ್ಟೆ ಒಗೆಯುವುದಕ್ಕೆ ತನ್ನದೇ ಆದ ಎಡೆಯಿತ್ತು. ಬಾವಿಯ ಬಳಿ ಒಗೆಯುವ ಕಲ್ಲು, ಬಚ್ಚಲ ಹಂಡೆಯಲ್ಲಿ ಬಿಸಿನೀರು, ಅಂಟುವಾಳದ ಕಾಯಿ, ಚೌಳು ಮಣ್ಣು, ಪಡಸಾಲೆಯ ತೊಲೆಗೆ ಅಡ್ಡಲಾಗಿ ಕಟ್ಟಿದ ಗಳು, ಕೋಲಿನ ತುದಿಯಿಂದ ಅದರ ಮೇಲೆ ಏರಿಸಿದ ಸೀರೆ ಪಂಚೆಗಳು. ಹೆಚ್ಚಿನ ಬಟ್ಟೆ ಇದ್ದರೆ ಅಗಸನು ಬಂದು ಗಂಟು ಕಟ್ಟಿಕೊಂಡು ಹೋಗಿ, ಉಬ್ಬೆಗೆ ಹಾಕಿ, ಹೊಳೆಯಲ್ಲಿ ಒಗೆದು ತರುತ್ತಿದ್ದನು. 1959ರಲ್ಲಿ ಸರ್ಫ್ ಪುಡಿಯೂ 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಪುಡಿಯೂ ಬಂದ ಮೇಲೆ ಅಂಟುವಾಳ ಹಿಂದೆ ಸರಿಯಿತು. ಮಹಾನಗರಕ್ಕೆ ಬಂದ ಮೇಲೆ ಕಲ್ಲೂ ಬಾವಿಯೂ ಹಿಂದೆ ಉಳಿದವು. ಮುಂಬಯಿಯ ಮನೆಯಲ್ಲಿ ಬಟ್ಟೆ ಒಗೆಯುವುದಕ್ಕೆ ಎಡೆಯೆಂಬುದಿಲ್ಲ, ಸಂದಿ ಇದೆ. ಬಚ್ಚಲ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಒಗೆದು, ಕಿಟಕಿಯ ಕಬ್ಬಿಣದ ಸರಳುಗಳಿಗೆ ಒಣಹಾಕಿ, ಮಳೆಗಾಲದ ನಾಲ್ಕು ತಿಂಗಳು ಊಟದ ಮೇಜಿನ ಮೇಲೆಯೇ ಹಸಿ ಬಟ್ಟೆಯ ತೋರಣ ಕಟ್ಟಿಕೊಂಡು ಬಾಳುವುದು ಅಲ್ಲಿನ ಗೃಹಸ್ಥಾಶ್ರಮದ ಒಂದು ಅಂಗವೇ ಆಗಿದೆ.

ಇಂಥ ನಗರದಲ್ಲಿ ಒಂದು ಕೋಣೆ ಹೆಚ್ಚಿಗೆ ಉಳಿದರೆ ಅದನ್ನು ಏನು ಮಾಡಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಧರ್ಮಶಾಸ್ತ್ರಗಳ ದೊಡ್ಡ ಪ್ರಶ್ನೆಗಳು ಮಹಾನಗರದ ಗೃಹಸ್ಥನ ಬಳಿಗೆ ಬರುವುದು ಹೆಚ್ಚಾಗಿ ಇಂಥ ಸಣ್ಣ ರೂಪದಲ್ಲಿಯೇ.

ಮುಂಬಯಿಯ ಉಪನಗರವೊಂದರ ಮೂರನೆಯ ಮಹಡಿಯಲ್ಲಿ ನೆಲೆಸಿರುವ, ವಿಜಯಪುರದ ಕಡೆಯಿಂದ ಬಂದ ದಂಪತಿಗಳನ್ನು ಉದಾಹರಣೆಗಾಗಿ ಕಣ್ಮುಂದೆ ತಂದುಕೊಳ್ಳಬಹುದು. ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಮಗ ಪರದೇಶದಲ್ಲಿ, ಮಗಳು ಪುಣೆಯಲ್ಲಿ. ಬಚ್ಚಲಿಗೆ ಹೊಂದಿಕೊಂಡ ಹತ್ತಡಿ ಒಂಬತ್ತಡಿಯ ಕೋಣೆಯೊಂದು ತೆರವಾಗಿದೆ. ಆ ಕೋಣೆಗೆ ಅವರಿಬ್ಬರೂ ಯಾವ ಹೆಸರನ್ನೂ ಇಟ್ಟಿರಲಿಲ್ಲ; ಊರಿನವರು ಮಾತ್ರ ಅದನ್ನು ಬಲ್ಲರು. ಪರೀಕ್ಷೆಗೆ ಬಂದ ಹುಡುಗರು, ನೌಕರಿಯ ಸಂದರ್ಶನಕ್ಕೆ ಬಂದವರು, ಪರೇಲಿನ ಟಾಟಾ ಆಸ್ಪತ್ರೆಗೆ ರೋಗಿಯನ್ನು ಕರೆತಂದ ಬಂಧುಗಳು, ಎಲ್ಲರೂ ಅಲ್ಲಿ ಚಾಪೆ ಹಾಸಿ ಮಲಗಿದವರೇ. ಈಚೆಗೆ ಬರುವವರು ಕಡಿಮೆಯಾದರು. ಕೈಯಲ್ಲಿ ಫೋನು ಇದ್ದವನು ವಸತಿಗೃಹವನ್ನು ಊರಿನಲ್ಲಿ ಕುಳಿತೇ ಗೊತ್ತುಮಾಡಿಕೊಳ್ಳುತ್ತಾನೆ. ಯಾರ ಮನೆಯ ಋಣವೂ ಬೇಡವೆನ್ನುವ ಅಭಿಮಾನವೂ ಬೆಳೆದಿದೆ. ಕೋಣೆಯಲ್ಲಿ ಹಳೆಯ ಸಾಮಾನು ತುಂಬಿತು. ಯಜಮಾನರಿಗೆ ಅದನ್ನು ಬಟ್ಟೆ ಒಗೆದು, ಒಣಗಿಸಿ, ಮಡಚುವ ಕೋಣೆಯನ್ನಾಗಿ ಮಾಡಬೇಕೆಂಬ ಯೋಚನೆ ಬಂದಿತು. ಅದೂ ಗುತ್ತಿಗೆದಾರನ ಕೈಗೆ ಕೊಡದೆ, ತಾವಿಬ್ಬರೇ ಮಾಡಬೇಕೆಂದು.

ಸ್ವಂತ ಕೈಯಿಂದ ಮಾಡುವುದರಲ್ಲಿ ಒಂದು ಸಾತ್ತ್ವಿಕ ಸಂತೋಷವಿದೆ ಎಂಬುದರಲ್ಲಿ ಸಂದೇಹವಿಲ್ಲ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೇಳುವ ಪ್ರಸಂಗವೊಂದು ಇಲ್ಲಿ ಉಚಿತವಾಗಿದೆ. ಡರ್ಬನ್ನಿನಲ್ಲಿ ಬ್ಯಾರಿಸ್ಟರಾಗಿದ್ದಾಗ ಅಗಸನ ಲೆಕ್ಕ ಏರುತ್ತಲೇ ಇತ್ತು, ಬಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಅವರು ಒಗೆಯುವ ಸಲಕರಣೆಗಳನ್ನು ಕೊಂಡು ತಂದರು, ಆ ವಿದ್ಯೆಯ ಪುಸ್ತಕವೊಂದನ್ನು ಓದಿದರು, ಕಸ್ತೂರಬಾ ಅವರಿಗೂ ಕಲಿಸಿದರು. ಮೊದಲ ಸಲ ಒಗೆದ ಕಾಲರಿಗೆ ಗಂಜಿ ಹೆಚ್ಚಾಗಿ, ಇಸ್ತ್ರಿ ಸಾಕಷ್ಟು ಕಾಯದೆ, ನ್ಯಾಯಾಲಯದಲ್ಲಿ ಅದರಿಂದ ಗಂಜಿ ಉದುರತೊಡಗಿತು. ಜೊತೆಯ ವಕೀಲರು ನಕ್ಕರು. ಗಾಂಧೀಜಿಯವರೂ ಆ ನಗೆಯನ್ನು ನಕ್ಕು ಸ್ವೀಕರಿಸಿದರು. ಮುಂದೆ 1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಬಂದಾಗ, ಮಹಾದೇವ ಗೋವಿಂದ ರಾನಡೆಯವರು ಕೊಟ್ಟಿದ್ದ ಉತ್ತರೀಯವೊಂದು ಸುಕ್ಕಾಗಿತ್ತು. ಗುರುವಿನ ಸ್ಮೃತಿಯಂತಿದ್ದ ಆ ವಸ್ತ್ರವನ್ನು ಇಸ್ತ್ರಿ ಮಾಡುವೆನೆಂದು ಶಿಷ್ಯನು ಮುಂದೆ ಬಂದರೆ, ಇವನ ವಕೀಲಿಯನ್ನು ನಂಬಬಹುದು, ಅಗಸಿಕೆಯನ್ನು ನಂಬಲಾಗದು ಎಂಬ ಸಂಶಯ ಗೋಖಲೆಯವರದು. ಇಸ್ತ್ರಿ ಚೆನ್ನಾಗಿಯೇ ಆಯಿತು.

ಆ ಕಥೆಯನ್ನು ಕೇಳಿ ಹಿಗ್ಗುವಾಗ ಒಂದು ಎಚ್ಚರವೂ ಬೇಕು. ಬ್ಯಾರಿಸ್ಟರು ಕಾಲರು ಒಗೆದರೆ ಅದು ಆತ್ಮಕಥೆಯ ಅಧ್ಯಾಯವಾಗುತ್ತದೆ. ಮುಂಬಯಿಯ ಮಹಾಲಕ್ಷ್ಮಿ ನಿಲ್ದಾಣದ ಬಳಿಯ ಧೋಬಿ ಘಾಟಿನಲ್ಲಿ 1890ರಿಂದ ಇಂದಿನವರೆಗೆ ಕಲ್ಲಿನ ತೊಟ್ಟಿಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಒಗೆದವರ ಸಾಲು ಮುಗಿದಿಲ್ಲ. ಸೇತುವೆಯ ಮೇಲೆ ನಿಂತು ಪ್ರವಾಸಿಗಳು ಅದರ ಚಿತ್ರ ತೆಗೆಯುತ್ತಾರೆ. ನಿವೃತ್ತ ಅಧಿಕಾರಿಯೊಬ್ಬನು ಒಂದು ತಿಂಗಳು ಸುಣ್ಣಬಣ್ಣದ ಕುಂಚ ಹಿಡಿದರೆ ನೆರೆಯವರು ಭೇಷ್ ಎನ್ನುತ್ತಾರೆ. ಬಾಳೆಲ್ಲ ಅದನ್ನೇ ಹಿಡಿದವನಿಗೆ ಕೂಲಿಯನ್ನು ಚೌಕಾಸಿ ಮಾಡಿ ಕೊಡುತ್ತಾರೆ. ಇಚ್ಛೆಯಿಂದ ಮಾಡಿದ ದುಡಿಮೆಗೂ ಬಿಡಲಾಗದ ದುಡಿಮೆಗೂ ಇರುವ ಅಂತರವನ್ನು ಮರೆತರೆ ಸ್ವಾವಲಂಬನೆಯೂ ಒಂದು ಬಗೆಯ ವಿಲಾಸವಾಗುತ್ತದೆ.

ಶರಣರು ಈ ಅಂತರವನ್ನು ಬಲ್ಲವರಾಗಿದ್ದರು. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಹೋದ ಮಡಿವಾಳ ಮಾಚಿದೇವನು ಕಾಯಕ ಮಾಡದವರ ಬಟ್ಟೆಯನ್ನು ಒಗೆಯೆನೆಂದು ವ್ರತ ತೊಟ್ಟಿದ್ದನೆಂದು ಸಂಪ್ರದಾಯ ಹೇಳುತ್ತದೆ. ಈ ವ್ರತದ ಅರ್ಥ ಗಹನವಾಗಿದೆ. ಒಗೆಯುವವನು ಉಡುವವನನ್ನು ಪರೀಕ್ಷಿಸುತ್ತಾನೆ! ಮಡಿಯು ಉಟ್ಟವನ ಜಾತಿಯಿಂದ ಬರುವುದಿಲ್ಲ, ಅವನ ದುಡಿಮೆಯಿಂದ ಬರುತ್ತದೆ. ದಾನದ ಹೆಮ್ಮೆ ಒಮ್ಮೆ ಬಸವಣ್ಣನವರ ಮನಸ್ಸಿಗೆ ಸುಳಿದಾಗ ಅದನ್ನು ಇಳಿಸಿದವನೂ ಈ ಮಾಚಿದೇವನೇ ಎಂದು ಪುರಾಣಕಥೆಗಳು ಹೇಳುತ್ತವೆ. ಕಲ್ಯಾಣದ ಕ್ಷೋಭೆಯ ಬಳಿಕ ಉಳವಿಯತ್ತ ಹೊರಟ ಶರಣರನ್ನೂ ವಚನದ ಕಟ್ಟುಗಳನ್ನೂ ಕಾಯುತ್ತ ನಡೆದವರಲ್ಲಿ ಅವನು ಪ್ರಮುಖನು. ಬಟ್ಟೆಯ ಗಂಟು ಹೊತ್ತ ಹೆಗಲಿಗೆ ವಚನದ ಗಂಟು ಭಾರವೆನಿಸಲಿಲ್ಲ.

ದಂಪತಿಗಳ ಕೋಣೆಗೆ ಮರಳಿದರೆ, ಯಜಮಾನರ ಮೊದಲ ನಕ್ಷೆ ಭಾರಿಯಾಗಿತ್ತು. ನೆಲವನ್ನು ಒಡೆದು, ಕಡಪ ಕಲ್ಲಿನ ತೊಟ್ಟಿ ಕಟ್ಟಿ, ಊರಿನ ಬಾವಿಕಟ್ಟೆಯಂತೆಯೇ ಒಂದು ಒಗೆಯುವ ಕಲ್ಲನ್ನೂ ಕೂರಿಸಬೇಕೆಂದು ಅವರ ಆಸೆ. ಹಲಗೆಯ ಮೇಲೆ ಅಳತೆ ಬರೆದು, ಉಳಿ ಸುತ್ತಿಗೆಗಳನ್ನು ಕೊಂಡು ತಂದದ್ದೂ ಆಯಿತು. ಗೃಹಸಂಘದ ಕಾರ್ಯದರ್ಶಿ ಒಪ್ಪಲಿಲ್ಲ. ಆ ಕೋಣೆಯ ಕೆಳಗೆ ಎರಡನೆಯ ಮಹಡಿಯವರ ಮಲಗುವ ಕೋಣೆ. ಅಲ್ಲಿ ಹಾಸಿಗೆ ಹಿಡಿದ ವೃದ್ಧೆಯೊಬ್ಬರು. ಒಣನೆಲವಾಗಿ ಕಟ್ಟಿದ ಕೋಣೆಯನ್ನು ನೀರಿನ ನೆಲ ಮಾಡಿದರೆ, ಎಷ್ಟೇ ಜಲನಿರೋಧಕ ಲೇಪ ಬಳಿದರೂ, ಕೆಲವು ವರ್ಷಗಳಲ್ಲಿ ಕೆಳಗಿನವರ ಸೂರಿನಲ್ಲಿ ತೇವದ ಕಲೆ ಮೂಡುವ ಭಯ ತಪ್ಪುವುದಿಲ್ಲ. ಯಜಮಾನರಿಗೆ ಸಿಟ್ಟು ಬಂದಿತು. ತನ್ನ ಮನೆ, ತನ್ನ ಹಣ, ತನ್ನ ಕೈ. ತಡೆಯಲು ಇವರು ಯಾರು?

ಮಹಾನಗರದಲ್ಲಿ ಅಹಿಂಸೆಯ ಪ್ರಶ್ನೆ ಬರುವುದು ಹೀಗೆಯೇ. ಊರಿನಲ್ಲಿ ತನ್ನ ಬಚ್ಚಲ ನೀರು ತನ್ನ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಒಬ್ಬನ ನೆಲ ಇನ್ನೊಬ್ಬನ ಆಕಾಶ. ಮನುಸ್ಮೃತಿಯಲ್ಲಿ ಒಂದು ವಿಚಾರ ಬರುತ್ತದೆ: ಗೃಹಸ್ಥನಿಗೆ ಐದು ಹಿಂಸಾಸ್ಥಾನಗಳು ಎಂದು. ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಇವುಗಳಿಲ್ಲದೆ ಸಂಸಾರವಿಲ್ಲ, ಇವುಗಳಿಂದ ಅರಿಯದೆಯೇ ಜೀವಿಗಳಿಗೆ ನೋವಾಗುತ್ತದೆ. ಆ ದೋಷದ ಪರಿಹಾರಕ್ಕಾಗಿಯೇ ಪಂಚಮಹಾಯಜ್ಞಗಳು, ಅವುಗಳಲ್ಲಿ ಒಂದು ಅತಿಥಿಸೇವೆ. ಆ ಗ್ರಂಥದ ಬೇರೆ ಮಾತುಗಳೊಡನೆ ಜಗಳವಾಡುವವರೂ ಈ ಮಾತಿನ ಸೂಕ್ಷ್ಮತೆಯನ್ನು ಒಪ್ಪಬೇಕಾಗುತ್ತದೆ. ಹಿಂಸೆಯೆಂದರೆ ಕತ್ತಿ ಎತ್ತುವುದಷ್ಟೇ ಅಲ್ಲ. ಸ್ವಚ್ಛತೆಗಾಗಿ ನೀರು ಚೆಲ್ಲುವುದರಲ್ಲಿಯೂ ಹಿಂಸೆ ಇರಬಲ್ಲದು. ಮುಂಬಯಿಯ ನಲ್ಲಿಗೆ ಬರುವ ತಾನ್ಸಾ ವೈತರಣಾ ಕೆರೆಗಳ ನೀರು ಸುಮಾರು ನೂರು ಕಿಲೋಮೀಟರು ದಾಟಿ ಬರುತ್ತದೆ. ಹೈದರಾಬಾದಿನ ಕನ್ನಡಿಗನ ಬಕೆಟ್ಟಿಗೆ ಬೀಳುವ ಕೃಷ್ಣೆ ಅವನ ನಾಡನ್ನು ಹಾದು ಬಂದವಳೇ. 2019ರ ಬೇಸಗೆಯಲ್ಲಿ ಚೆನ್ನೈಯ ಕೆರೆಗಳು ಬತ್ತಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಆ ದಿನಗಳನ್ನು ಕಂಡವರಿಗೆ ಬಟ್ಟೆ ಜಾಲಿಸಿದ ನೀರನ್ನು ಚೆಲ್ಲುವಾಗ ಇಂದಿಗೂ ಕೈ ತಡೆಯುತ್ತದೆ.

ಸಿಟ್ಟು ಇಳಿಯುವುದಕ್ಕೆ ವಾರ ಹಿಡಿಯಿತು. ದಾರಿ ತೋರಿದವರು ಯಜಮಾನತಿ. ನೆಲ ಒಡೆಯುವುದೇಕೆ? ಕೋಣೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ. ಯಂತ್ರವನ್ನು ಆ ಗೋಡೆಗೆ ಒತ್ತಿ ನಿಲ್ಲಿಸಿದರೆ, ನೀರಿನ ಕೊಳವೆ ಅತ್ತ ಕಡೆಯಿಂದಲೇ ಬರುತ್ತದೆ, ಕೊಳೆ ನೀರು ಬಚ್ಚಲ ನಾಳಕ್ಕೇ ಹೋಗುತ್ತದೆ. ಕೋಣೆಯ ನೆಲ ಒಣಗಿಯೇ ಇರುತ್ತದೆ. ಗೃಹಸಂಘವೂ ಒಪ್ಪಿತು. ಗೋಡೆಗೆ ರಂಧ್ರ ಕೊರೆಯುವುದನ್ನೂ ನಲ್ಲಿ ಜೋಡಿಸುವುದನ್ನೂ ಬಲ್ಲವನಿಗೆ ಬಿಟ್ಟರು. ಯಂತ್ರಕ್ಕೆ ಬೇಕಾದ ಹದಿನಾರು ಆಂಪಿಯರಿನ ವಿದ್ಯುತ್ ಸಂಪರ್ಕವನ್ನೂ ಭೂಸ್ಪರ್ಶದ ತಂತಿಯನ್ನೂ ಪರವಾನಗಿ ಇದ್ದವನಿಂದ ಮಾಡಿಸಿದರು. ನೀರೂ ವಿದ್ಯುತ್ತೂ ಕೂಡುವ ಎಡೆಯಲ್ಲಿ ಹವ್ಯಾಸಿಯ ಕೈ ಆಡಬಾರದು. ತನ್ನ ಕೈಯ ಎಲ್ಲೆಯನ್ನು ಅರಿಯುವುದೂ ಸ್ವಾವಲಂಬನೆಯ ಭಾಗವೇ. ಉಳಿದುದೆಲ್ಲ ದಂಪತಿಗಳದೇ ದುಡಿಮೆ: ಹಳೆಯ ಬಣ್ಣ ಕೆರೆದು, ಬಿರುಕಿಗೆ ಲಪ್ಪ ತುಂಬಿ, ಎರಡು ಸಲ ಬಣ್ಣ ಬಳಿದರು; ಹಲಗೆ ಜೋಡಿಸಿ ಮಡಚುವ ಕಟ್ಟೆ ಮಾಡಿದರು; ಸೂರಿಗೆ ರಾಟೆಯ ಗಳುಗಳನ್ನು ಕಟ್ಟಿದರು. ಯಂತ್ರದ ನಾಲ್ಕು ಕಾಲುಗಳನ್ನೂ ರಸಮಟ್ಟ ಇಟ್ಟು ಸಮಮಾಡಿದರು, ಏಕೆಂದರೆ ಮಟ್ಟ ತಪ್ಪಿದ ಯಂತ್ರ ಹಿಂಡುವ ವೇಗದಲ್ಲಿ ನಡುಗಿ ಆ ನಡುಕ ಕೆಳಗಿನ ಮನೆಗೆ ಇಳಿಯುತ್ತದೆ. ಕೊಳೆನೀರಿನ ಕೊಳವೆಯನ್ನು ಎರಡೂವರೆ ಅಡಿ ಎತ್ತರಕ್ಕೆ ಏರಿಸಿ ಕಟ್ಟಿದರು. ಕೆಳಗೆ ಬಿಟ್ಟರೆ ಯಂತ್ರ ತುಂಬಿಕೊಂಡ ನೀರೆಲ್ಲ ತಾನಾಗಿಯೇ ಹರಿದುಹೋಗುತ್ತದೆ. ಬಾಗಿಲು ಮುಂದಕ್ಕಿರುವ ಯಂತ್ರವನ್ನೇ ಆರಿಸಿದರು, ಅದು ಕುಡಿಯುವ ನೀರು ಕಡಿಮೆ ಎಂಬ ಕಾರಣದಿಂದ. ಉಳಿ ಸುತ್ತಿಗೆಗಳು ಮಾತ್ರ ಬಳಸದೆಯೇ ಉಳಿದವು.

ಯಂತ್ರ ಬರುವ ಮೊದಲು ಆ ಮನೆಯ ಬಟ್ಟೆಯನ್ನು ಒಗೆಯುತ್ತಿದ್ದವಳು ಕೆಲಸದ ಬಾಯಿ. ಅವಳ ಸಂಬಳದಲ್ಲಿ ಮೂರರಲ್ಲೊಂದು ಪಾಲು ಬಟ್ಟೆಯದು. ಸ್ವಾವಲಂಬನೆಯ ಉಪದೇಶಕರು ಈ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಒಬ್ಬರು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡರೆ ಇನ್ನೊಬ್ಬರ ಒಲೆಯ ಮೇಲಿನ ಒಂದು ಹೊತ್ತಿನ ಅನ್ನ ಕಡಿಮೆಯಾಗುತ್ತದೆ. ಹಾಗೆಂದು ಅವಳು ಜೀವನಪರ್ಯಂತ ಬಚ್ಚಲ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿಯೇ ಇರಬೇಕೆನ್ನುವುದೂ ದಯೆಯಲ್ಲ. ಯಜಮಾನರು ಕೆಲಸ ಕಡಿಮೆ ಮಾಡಿ ಸಂಬಳ ಅಷ್ಟೇ ಕೊಡುವೆನೆಂದರು. ಬಿಟ್ಟಿ ದುಡ್ಡು ಬೇಡ, ಬೇರೆ ಕೆಲಸ ಕೊಡಿ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಕಾಯಕತತ್ತ್ವವನ್ನು ಅವಳು ಯಾವ ಪೀಠದಲ್ಲಿಯೂ ಕಲಿತವಳಲ್ಲ. ಯಜಮಾನತಿಯ ಮಣಿಕಟ್ಟಿನಲ್ಲಿ ನೋವು. ಜೋಳದ ಹಿಟ್ಟು ಮಿದಿದು ತಟ್ಟುವುದು ಆಗುತ್ತಿರಲಿಲ್ಲ, ಆ ಮನೆಯಲ್ಲಿ ರೊಟ್ಟಿ ತಪ್ಪಿ ಎರಡು ವರ್ಷವಾಗಿತ್ತು. ಈಗ ಬಟ್ಟೆಯ ಹೊತ್ತಿನಲ್ಲಿ ಬಾಯಿ ಭಾಕರಿ ತಟ್ಟುತ್ತಾಳೆ. ಎಲ್ಲ ಮನೆಗಳಲ್ಲಿ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯದೆಂಬುದು ನಿಜ. ಅನೇಕ ಮನೆಗಳಲ್ಲಿ ಯಂತ್ರ ಬಂದ ತಿಂಗಳೇ ಸಂಬಳ ಕಡಿತವಾಗುತ್ತದೆ, ಯಾರೂ ಆ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಇಷ್ಟೆಲ್ಲ ಆದರೂ ದಂಪತಿಗಳ ನಡುವಿನ ನಿಜವಾದ ವಾದ ಬೇರೆಯದೇ. ಮಂಚವನ್ನು ಮಾರಿಬಿಡೋಣ ಎಂದು ಯಜಮಾನರು ಹೇಳಿದ ದಿನ ಆ ವಾದ ಹೊರಬಿದ್ದಿತು.

“ನೋಡ್ರಿ, ಅರಿವಿಗೆ ಒಂದು ಕೋಣಿ ಆಯಿತು. ಮನುಷ್ಯಾ ಬಂದರ ಎಲ್ಲಿ ಮಲಗಬೇಕು?” ಎಂದರು ಯಜಮಾನತಿ.

“ನಾಲ್ಕು ವರ್ಷದಿಂದ ಯಾರು ಬಂದಾರ, ನೀನ ಹೇಳು.”

“ಬರೂದು ಬಿಡೂದು ಅವರ ಕೈಯಾಗಿನ ಮಾತು. ಬಾಗಿಲಾ ನಮ್ಮ ಕೈಯಾಗ ಐತಿ.”

ತೈತ್ತಿರೀಯೋಪನಿಷತ್ತಿನಲ್ಲಿ ಆಚಾರ್ಯನು ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ತಾಯಿ, ತಂದೆ, ಗುರುಗಳ ಸಾಲಿನಲ್ಲಿಯೇ ಅತಿಥಿಯನ್ನೂ ದೇವನೆಂದು ಭಾವಿಸಲು ಹೇಳುತ್ತಾನೆ. ತಾಯಿ ತಂದೆಗಳು ಯಾರೆಂದು ಗೊತ್ತಿದೆ. ಅತಿಥಿ ಯಾರೆಂದು ಗೊತ್ತಿಲ್ಲ, ಅವನು ಬರುವ ತಿಥಿಯೂ ಗೊತ್ತಿಲ್ಲ. ಅವನಿಗಾಗಿ ಒಂದು ಎಡೆಯನ್ನು ಬರಿದಾಗಿಯೇ ಇಟ್ಟುಕೊಳ್ಳಬೇಕು. ಚದರಡಿಗೆ ಬೆಲೆ ಕಟ್ಟುವ ನಗರದಲ್ಲಿ ಬರಿದಾದ ಎಡೆಯೆಂದರೆ ನಷ್ಟ. ಯಜಮಾನರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ: ಬಾರದ ಅತಿಥಿಗಾಗಿ ಕೋಣೆಯನ್ನು ಧೂಳು ಹಿಡಿಸುವುದು ಧರ್ಮವೋ, ಧರ್ಮದ ನೆನಪೋ? ಹಳೆಯ ಕಾಲದಲ್ಲಿ ಅತಿಥಿಗೆ ಪ್ರತ್ಯೇಕ ಕೋಣೆ ಎಲ್ಲಿತ್ತು? ಜೋಳದ ಚೀಲಗಳ ಪಕ್ಕದಲ್ಲಿ, ಕಟ್ಟೆಯ ಮೇಲೆ ಕಂಬಳಿ ಹಾಸಿ ಮಲಗಿದವನು ತೃಪ್ತನಾಗಿಯೇ ಎದ್ದು ಹೋಗುತ್ತಿದ್ದನು. ಆತಿಥ್ಯವು ಗೋಡೆಯಲ್ಲಿಲ್ಲ, ಮನೆಯವರ ಮುಖದಲ್ಲಿದೆ ಎನ್ನಬಹುದು. ಆದರೆ ಈ ಮಾತನ್ನು ಹೆಚ್ಚಾಗಿ ಆಡುವವರು ಬಾಗಿಲು ಮುಚ್ಚಿಕೊಂಡವರೇ. ಮನಸ್ಸಿನಲ್ಲಿ ಎಡೆಯಿದೆ ಎನ್ನುವವನ ಮನೆಯಲ್ಲಿ ಮಂಚಕ್ಕೂ ಎಡೆಯಿಲ್ಲದಿದ್ದರೆ, ರಾತ್ರಿ ಹತ್ತಕ್ಕೆ ಆಸ್ಪತ್ರೆಯಿಂದ ಬಂದವನು ಆ ಮನಸ್ಸಿನಲ್ಲಿ ಮಲಗಲಾರನು.

ಈ ಪ್ರಸಂಗದಲ್ಲಿ ಮಹಾರಾಷ್ಟ್ರದ ಗಾಡಗೆ ಮಹಾರಾಜರನ್ನು ನೆನೆಯದಿರಲಾಗದು. 1876ರಲ್ಲಿ ಅಮರಾವತಿ ಜಿಲ್ಲೆಯಲ್ಲಿ ಅಗಸರ ಕುಲದಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ಆ ಸಂತರು ಕೈಯಲ್ಲಿ ಪೊರಕೆ, ಒಡಕು ಮಡಕೆ ಹಿಡಿದು ಊರೂರು ಗುಡಿಸುತ್ತ ಕೀರ್ತನೆ ಮಾಡಿದರು. ಜನ ಕೊಟ್ಟ ಹಣದಿಂದ ದೇವಾಲಯ ಕಟ್ಟಿಸದೆ ಪಂಢರಪುರ, ನಾಸಿಕ, ಆಳಂದಿಗಳಲ್ಲಿ ಧರ್ಮಶಾಲೆಗಳನ್ನು ಕಟ್ಟಿಸಿದರು. ಮುಂಬಯಿಯ ದಾದರಿನಲ್ಲಿ ಅವರ ಹೆಸರಿನ ಧರ್ಮಶಾಲೆ ಟಾಟಾ ಆಸ್ಪತ್ರೆಯ ರೋಗಿಗಳಿಗೂ ಅವರ ಜೊತೆಯವರಿಗೂ ತಂಗುದಾಣವಾಗಿದೆ. ಒಗೆಯುವವರ ಮನೆಯಲ್ಲಿ ಹುಟ್ಟಿದವರು ಪರರಿಗೆ ಮಲಗುವ ಕೋಣೆ ಕಟ್ಟಿದರು! ಮಡಿಯ ಕೋಣೆಯೋ ಅತಿಥಿಯ ಕೋಣೆಯೋ ಎಂದು ಆರಿಸಬೇಕಾದ ಸಂಕಟವೇ ಅವರಿಗೆ ಬರಲಿಲ್ಲ. ಎರಡೂ ಅವರಿಗೆ ಒಂದೇ ಕೆಲಸ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯೂ ದಂಪತಿಗಳದೇ. ಗಂಡನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಬೇಕಾದಷ್ಟು ಎಷ್ಟು ಎಂಬುದನ್ನು ಆ ಮನೆಯಲ್ಲಿ ಅಳೆದವಳು ಅವಳು. ಮುಂಬಯಿಯ ಈ ಮನೆಯಲ್ಲಿಯೂ ಅಳತೆಯ ಪಟ್ಟಿ ಹಿಡಿದವರು ಯಜಮಾನತಿಯೇ. ಬಟ್ಟೆಗೆ ನಾಲ್ಕಡಿ, ಮನುಷ್ಯನಿಗೆ ಆರಡಿ ಎಂದು ಗೋಡೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆದರು. ಗೆರೆಯ ಅತ್ತ ಯಂತ್ರ, ಮಡಚುವ ಕಟ್ಟೆ. ಇತ್ತ ಗೋಡೆಗೆ ಕೀಲು ಹಾಕಿ ಎತ್ತಿ ಕಟ್ಟುವ ಮಂಚ. ಬೇಕಾದಾಗ ಇಳಿಸಬಹುದು, ಬೇಡವಾದಾಗ ಗೋಡೆಗೆ ಒರಗಿ ನಿಲ್ಲುತ್ತದೆ. ಯಜಮಾನರು ಕೊಂಡು ತಂದಿದ್ದ ಉಳಿ ಸುತ್ತಿಗೆಗಳಿಗೆ ಕಡೆಗೂ ಕೆಲಸ ಸಿಕ್ಕಿತು. ಹಸಿ ಬಟ್ಟೆಯ ವಾಸನೆಯ ನಡುವೆ ಮಲಗುವ ಅತಿಥಿಗೆ ಇದು ಪೂರ್ಣ ಗೌರವವೇ ಎಂಬ ಶಂಕೆ ನಿಲ್ಲುತ್ತದೆ. ಇಲ್ಲವೆಂದೇ ಹೇಳಬೇಕು. ಅರ್ಧ ಕೋಣೆ ಅರ್ಧ ಕೋಣೆಯೇ.

ಮಹಾನವಮಿಯ ದಿನ ಆಯುಧಪೂಜೆ. ಪಾಂಡವರು ಬನ್ನಿಯ ಮರದಲ್ಲಿ ಬಿಲ್ಲುಬಾಣಗಳನ್ನು ಅಡಗಿಸಿಟ್ಟು ವಿರಾಟನ ಮನೆಯಲ್ಲಿ ಒಂದು ವರ್ಷ ಕಳೆದ ಕಥೆಯನ್ನು ಹಬ್ಬದೊಡನೆ ಸೇರಿಸಿ ಹೇಳುವುದು ವಾಡಿಕೆ. ಆಯುಧ ಮರಳಿ ದೊರೆತುದನ್ನು ಎಲ್ಲರೂ ನೆನೆಯುತ್ತಾರೆ. ಆ ವರ್ಷವೆಲ್ಲ ಭೀಮನು ಸೌಟು ಹಿಡಿದುದನ್ನೂ, ನಕುಲನು ಕುದುರೆ ಉಜ್ಜಿದುದನ್ನೂ, ದ್ರೌಪದಿಯು ಪರರ ತಲೆ ಬಾಚಿದುದನ್ನೂ ಅಷ್ಟಾಗಿ ನೆನೆಯುವುದಿಲ್ಲ. ಸೌಟು, ಕರಾಳಿ, ಬಾಚಣಿಗೆಗಳೂ ಆ ವರ್ಷದ ಆಯುಧಗಳೇ. ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ ಸಲ್ಲುವ ಪೂಜೆಯ ದಿನವೇ ಉಪನಗರದ ಮನೆಗಳಲ್ಲಿ ಹೊಲಿಗೆ ಯಂತ್ರಕ್ಕೂ ಸ್ಕೂಟರಿಗೂ ಕುಂಕುಮ ಬೀಳುತ್ತದೆ. ಈ ಸಲ ಆ ಮನೆಯಲ್ಲಿ ಒಗೆಯುವ ಯಂತ್ರ, ರಸಮಟ್ಟ, ಬಣ್ಣದ ಕುಂಚ, ಉಳಿ ಸುತ್ತಿಗೆಗಳ ಸಾಲಿನಲ್ಲಿ ಬಾಯಿಯ ಹಳೆಯ ಒಗೆಯುವ ಹಲಗೆಯನ್ನೂ ತೊಳೆದು ಇಡಬೇಕೆಂದು ಯಜಮಾನತಿ ಹೇಳಿದ್ದಾರೆ. ಹೂ ಅರಿಸಿನಗಳನ್ನು ಬಾಯಿಯೇ ದಾದರಿನ ಮಾರುಕಟ್ಟೆಯಿಂದ ತರುವವಳು.

ದೀಪಾವಳಿ ಕಳೆದ ಮೇಲೆ ಊರಿನಿಂದ ಒಬ್ಬರು ತಾಯಿಯನ್ನು ಪರೇಲಿಗೆ ತೋರಿಸಲು ಸೊಲ್ಲಾಪುರದ ಮಾರ್ಗವಾಗಿ ಬರುವವರಿದ್ದಾರೆ. ಎಷ್ಟು ದಿನವೆಂದು ವೈದ್ಯರು ಹೇಳಿದ ಮೇಲೆಯೇ ಗೊತ್ತಾಗಬೇಕು. ಅಷ್ಟರೊಳಗೆ ಸೂರಿನ ಗಳುಗಳಲ್ಲಿ ಎರಡನ್ನು ಬಿಚ್ಚಿ ಬಾಲ್ಕನಿಗೆ ಸಾಗಿಸುವ ಕೆಲಸ ಉಳಿದಿದೆ.